ಯಾರೂ ನೋಡದ ಪರದೆಯ ಕಥೆ

ಇದನ್ನು ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ, ಆಗಿರಲಿಲ್ಲ. ಆಟಿಯಲ್ಲಿ ಊರಿಗೆ ಹೋದಾಗ ಒಂದು ನೆಪ ಸಿಕ್ತು. ನೆಪ ಅನ್ನೋದಕ್ಕಿಂತ ಪೆಟ್ಟು ಅಂದರೆ ಸರಿ.

ನಮ್ಮೂರು ಕೆದಂಬಾಡಿ, ಪುತ್ತೂರು ತಾಲೂಕು. ತಿಂಗಳಾಡಿ, ಕುಂಬ್ರ ಅಂದ್ರೆ ಆ ಕಡೆಯವರಿಗೆ ಬೇಗ ಗೊತ್ತಾಗ್ತದೆ. ಆಟಿ ಅಂದ್ರೆ ಅಲ್ಲಿ ಮಳೆ ಬಿಟ್ಟು ಬೇರೇನೂ ಇಲ್ಲ. ತೋಟಕ್ಕೆ ಇಳಿಯೋ ಹಾಗಿಲ್ಲ, ಕರೆಂಟಿನ ಮಾತು ಆಡೋ ಹಾಗಿಲ್ಲ. ಚಾವಡಿಯಲ್ಲಿ ಕೂತು ಹಪ್ಪಳ ತಿಂತಾ ಇದ್ದೆ. ದೊಡ್ಡಪ್ಪ ಒಳಗಿನಿಂದ ಒಂದು ಕಾಗದ ತಂದು ನನ್ನ ಮುಂದೆ ಹಿಡಿದರು.

"ಇದು ಎಂತದು ಮಾರಾಯ? ನೀನು ಕಂಪ್ಯೂಟರಿನವ ಅಲ್ವಾ, ಸ್ವಲ್ಪ ಓದಿ ಹೇಳು."

ಅಡಿಕೆ ಕೊಟ್ಟು ಬಂದ ರಸೀದಿ. ಮೂರು ಸಾಲು. ಪ್ರತಿ ಸಾಲಿನಲ್ಲೂ ತೂಕ ಇತ್ತು, ದುಡ್ಡು ಇತ್ತು. ಅಕ್ಷರ ಇರಬೇಕಾದ ಕಡೆ ಮಾತ್ರ ಸಾಲಾಗಿ ಖಾಲಿ ಚೌಕಗಳು. ದೊಡ್ಡಪ್ಪನ ಹೆಸರು ಆರು ಚೌಕ. ಕೆದಂಬಾಡಿಯೂ ಚೌಕ.

"ನಾನು ಹೊಸದು ಕೊಟ್ಟಿದ್ದೆ, ಸ್ವಲ್ಪ ಪಟೋರ ಇತ್ತು, ಒಂದಿಷ್ಟು ಕರಿಗೋಟು. ಯಾವುದಕ್ಕೆ ಎಷ್ಟು ಹಾಕಿದ್ದಾರೆ ಅಂತ ಇದರಲ್ಲಿ ಎಲ್ಲುಂಟು? ರೇಟು ನೋಡಿ ಊಹೆ ಮಾಡ್ಬೇಕಾ?"

ತೋಟ ಇದ್ದವರಿಗೆ ಇದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಒಳ್ಳೆ ಅಡಿಕೆಯನ್ನು ಪಟೋರದ ಲೆಕ್ಕಕ್ಕೆ ಸೇರಿಸಿದರೆ ಒಂದು ವರ್ಷದ ಬೆವರಿಗೆ ಪೆಟ್ಟು ಬೀಳ್ತದೆ. ನಾನು ಕಾಗದದ ಕೆಳಗಿನ ಮೂಲೆ ನೋಡಿದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಗುರುತು ಇತ್ತು. ಅದು ನಾನು ಕೆಲಸ ಮಾಡೋ ಕಂಪನಿಯ ಸಾಫ್ಟ್‌ವೇರು. ಅದನ್ನು ಪರೀಕ್ಷೆ ಮಾಡೋ ಯಂತ್ರ ಕಟ್ಟಿದವನು ನಾನೇ. ಹಪ್ಪಳ ಅಲ್ಲಿಗೇ ಗಂಟಲಲ್ಲಿ ನಿಂತಿತು :(

*

ನನ್ನ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಬೇರೆಯವರು ಬರೆದ ಸಾಫ್ಟ್‌ವೇರನ್ನು ಬಳಸಿ ನೋಡಿ ತಪ್ಪು ಹುಡುಕೋದು ನನ್ನ ಕೆಲಸ. ಈಗ ಅದನ್ನು ಮನುಷ್ಯರು ಕೂತು ಮಾಡೋದು ಕಮ್ಮಿ. ರಾತ್ರಿ ಹೊತ್ತು ಒಂದು ಸರ್ವರ್ ತಾನೇ ಬ್ರೌಸರ್ ತೆರೆದು, ತಾನೇ ಗುಂಡಿ ಒತ್ತಿ, ತಾನೇ ಫಾರ್ಮ್ ತುಂಬಿ, ಬೆಳಿಗ್ಗೆ ನಾವು ಬರೋ ಹೊತ್ತಿಗೆ "ಎಲ್ಲಾ ಹಸಿರು" ಅಂತ ಒಂದು ಪಟ್ಟಿ ಇಟ್ಟಿರ್ತದೆ.

ತಮಾಷೆ ಏನಂದ್ರೆ, ಆ ಸರ್ವರಿಗೆ ಮಾನಿಟರೇ ಇರಲ್ಲ. ಮೌಸೂ ಇಲ್ಲ, ಕೀಬೋರ್ಡೂ ಇಲ್ಲ. ಆದ್ರೆ ಬ್ರೌಸರಿಗೆ ಚಿತ್ರ ಬಿಡಿಸಲು ಒಂದು ಪರದೆ ಬೇಕೇ ಬೇಕು. ಇಲ್ಲದಿದ್ರೆ ಅದು ಏಳೋದೇ ಇಲ್ಲ, "ಡಿಸ್ಪ್ಲೇ ತೆರೆಯೋಕಾಗ್ತಿಲ್ಲ" ಅಂತ ಹೇಳಿ ಮಲಗಿಬಿಡ್ತದೆ. ಅದಕ್ಕೆ ಒಂದು ಸುಳ್ಳು ಪರದೆ ಕಟ್ಟಿಕೊಡ್ತೀವಿ. ಇಂಗ್ಲಿಷಿನಲ್ಲಿ ವರ್ಚುವಲ್ ಡಿಸ್ಪ್ಲೇ ಅಂತಾರೆ. ಲಿನಕ್ಸಿನಲ್ಲಿ ಇದಕ್ಕೆ ಹೆಚ್ಚಾಗಿ ಬಳಸೋದು ಎಕ್ಸ್‌ವಿಎಫ್‌ಬಿ ಅನ್ನೋ ಪ್ರೋಗ್ರಾಮು.

ಈ ಸುಳ್ಳು ಪರದೆ ಎಲ್ಲಿಂದ ಬಂತು, ಯಾರಿಗೆ ಬೇಕಾಗಿತ್ತು ಅಂತ ಇಷ್ಟು ವರ್ಷ ಅದನ್ನು ಬಳಸಿದ ನಾನು ಯೋಚನೆಯೇ ಮಾಡಿರಲಿಲ್ಲ. ದೊಡ್ಡಪ್ಪನ ರಸೀದಿ ನೋಡಿದ ಮೇಲೆ ಕೂತು ಹಿಂದೆ ಹೋದೆ. ಹೋಗ್ತಾ ಹೋಗ್ತಾ ನನ್ನ ತಪ್ಪಿನ ಬೇರೂ ಅಲ್ಲೇ ಸಿಕ್ಕಿತು.

*

ಕಥೆ ಶುರುವಾಗೋದು ಎಂಐಟಿಯಲ್ಲಿ (ಮಣಿಪಾಲದ್ದಲ್ಲ, ಅಮೆರಿಕದ್ದು :)). 1983ರಲ್ಲಿ ಅಲ್ಲಿ ಅಥೀನಾ ಅಂತ ಒಂದು ಯೋಜನೆ ಶುರುವಾಯ್ತು. ವಿದ್ಯಾರ್ಥಿಗಳಿಗೆಲ್ಲ ಕಂಪ್ಯೂಟರ್ ಸಿಗುವ ಹಾಗೆ ಮಾಡೋದು ಉದ್ದೇಶ. ಡಿಜಿಟಲ್ ಮತ್ತು ಐಬಿಎಂ ಕಂಪನಿಗಳು ಯಂತ್ರ ಕೊಟ್ಟವು. ಯಂತ್ರಗಳು ಬೇರೆ ಬೇರೆ ಜಾತಿಯವು, ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಆಗಲ್ಲ. ಯಾವ ಯಂತ್ರದಲ್ಲಾದರೂ ಕಿಟಕಿಗಳನ್ನು ತೋರಿಸೋ ಒಂದು ವ್ಯವಸ್ಥೆ ಬೇಕಾಯ್ತು. 1984ರಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಅದನ್ನು ಮಾಡಿದರು. ಅದಕ್ಕಿಂತ ಮೊದಲು ಸ್ಟ್ಯಾನ್‌ಫರ್ಡಿನಲ್ಲಿ ಡಬ್ಲ್ಯೂ ಅಂತ ಒಂದು ಇತ್ತು, ಅದರ ನಂತರದ್ದು ಅಂತ ಇದಕ್ಕೆ ಎಕ್ಸ್ ಅಂತ ಹೆಸರು. 1987ರ ಸೆಪ್ಟೆಂಬರಿನಲ್ಲಿ ಹನ್ನೊಂದನೇ ಆವೃತ್ತಿ ಬಂತು. ಇವತ್ತಿಗೂ ಅದು ಹನ್ನೊಂದೇ. ಹನ್ನೆರಡು ಬರಲೇ ಇಲ್ಲ.

ಎಕ್ಸ್‌ನ ಜಾಣತನ ಇರೋದು ಒಂದು ವಿಂಗಡಣೆಯಲ್ಲಿ. ಪ್ರೋಗ್ರಾಮು ಒಂದು ಕಡೆ, ಪರದೆ ಇನ್ನೊಂದು ಕಡೆ. ಪರದೆಯನ್ನು ನೋಡಿಕೊಳ್ಳೋ ಭಾಗಕ್ಕೆ ಸರ್ವರ್ ಅಂತ ಹೆಸರು. "ಇಲ್ಲೊಂದು ಗೆರೆ ಎಳಿ, ಅಲ್ಲೊಂದು ಅಕ್ಷರ ಬರಿ" ಅಂತ ಪ್ರೋಗ್ರಾಮು ಸಂದೇಶ ಕಳಿಸ್ತದೆ, ಸರ್ವರ್ ಅದನ್ನು ಮಾಡ್ತದೆ. ಎರಡೂ ಒಂದೇ ಯಂತ್ರದಲ್ಲಿ ಇರಬೇಕು ಅಂತಿಲ್ಲ. ಲೆಕ್ಕ ಮಾಡೋ ದೊಡ್ಡ ಯಂತ್ರ ಒಂದು ಕಟ್ಟಡದಲ್ಲಿ, ಪರದೆ ಇನ್ನೊಂದು ಕಟ್ಟಡದಲ್ಲಿ ಇದ್ದರೂ ನಡೀತದೆ. ಯಾವ ಪರದೆಗೆ ಕಳಿಸಬೇಕು ಅಂತ ತಿಳಿಯೋಕೆ ಪ್ರತಿ ಪರದೆಗೂ ಒಂದು ನಂಬರು. ಮೊದಲನೆಯದು ಸೊನ್ನೆ.

ಇಲ್ಲಿ ಒಂದು ಸಂಗತಿ ಗಮನಿಸಿ. ಪ್ರೋಗ್ರಾಮು ಯಾವತ್ತೂ ನಿಜವಾದ ಗಾಜನ್ನು ನೋಡೋದಿಲ್ಲ. ಅದಕ್ಕೆ ಗೊತ್ತಿರೋದು ಸರ್ವರ್ ಕೊಡೋ ಉತ್ತರ ಮಾತ್ರ. ಸರ್ವರ್ "ಬಿಡಿಸಿದೆ" ಅಂದ್ರೆ ಬಿಡಿಸಿದ ಹಾಗೆ. ಅಂದ್ರೆ ಸುಳ್ಳು ಹೇಳಲು ಜಾಗ 1984ರಲ್ಲೇ ಸಿದ್ಧವಾಗಿತ್ತು. ಸುಳ್ಳು ಹೇಳೋರು ಬರಬೇಕಿತ್ತು ಅಷ್ಟೆ.

*

ಅದೇ ಹೊತ್ತಿಗೆ ಇನ್ನೊಂದು ಕಡೆ ಮಂಗ ಹುಟ್ಟಿತು. ನಿಜವಾಗ್ಲೂ! 1983ರಲ್ಲಿ ಆಪಲ್‌ನವರು ಮ್ಯಾಕಿಂಟಾಷ್ ಮಾಡ್ತಾ ಇದ್ದರು. ಅದಕ್ಕೆ ಇದ್ದದ್ದು ಬರೀ 128 ಕೆಬಿ ನೆನಪು. ಮ್ಯಾಕ್‌ರೈಟ್, ಮ್ಯಾಕ್‌ಪೇಂಟ್ ಅದರಲ್ಲಿ ಉಸಿರು ಬಿಗಿಹಿಡಿದು ಓಡಬೇಕು. ಯಾವಾಗ ಉಸಿರುಕಟ್ಟಿ ಬೀಳ್ತದೆ ಅಂತ ಪರೀಕ್ಷೆ ಮಾಡೋದು ಹೇಗೆ? ಸ್ಟೀವ್ ಕ್ಯಾಪ್ಸ್ ಅನ್ನೋರು ಒಂದು ಸಣ್ಣ ಪ್ರೋಗ್ರಾಮು ಬರೆದರು. ಅದು ಸಿಕ್ಕಾಪಟ್ಟೆ ವೇಗದಲ್ಲಿ ಎಲ್ಲೆಲ್ಲೋ ಕ್ಲಿಕ್ ಮಾಡ್ತಿತ್ತು, ಏನೇನೋ ಟೈಪ್ ಮಾಡ್ತಿತ್ತು. ನೋಡಿದರೆ ಕಣ್ಣಿಗೆ ಕಾಣದ ಒಂದು ಮಂಗ ಕೂತು ಕೀಲಿ ಕುಟ್ಟಿದ ಹಾಗೆ. ಅದಕ್ಕೆ ಮಂಕಿ ಅಂತಲೇ ಹೆಸರಿಟ್ಟರು.

ಒಂದು ತೊಂದರೆ ಬಂತು. ಮಂಗ ಸುಮ್ಮನೆ ಕ್ಲಿಕ್ ಮಾಡ್ತಾ ಮಾಡ್ತಾ ಮೆನುವಿನಲ್ಲಿ "ಮುಚ್ಚು" ಅನ್ನೋದನ್ನೂ ಒತ್ತಿ ಪ್ರೋಗ್ರಾಮಿನಿಂದ ಹೊರಗೆ ಬಂದುಬಿಡ್ತಿತ್ತು. ಕೊನೆಗೆ "ಮಂಗ ಇದೆ" ಅಂತ ತಿಳಿಸಲು ನೆನಪಿನಲ್ಲಿ ಒಂದು ಗುರುತು ಇಟ್ಟರು. ಆ ಗುರುತು ಇದ್ದರೆ ಪ್ರೋಗ್ರಾಮುಗಳು "ಮುಚ್ಚು" ಅನ್ನೋದನ್ನು ಕೇಳಿಸಿಕೊಳ್ಳುವುದಿಲ್ಲ. ನಮ್ಮೂರಲ್ಲಿ ಮಂಗ ತೋಟಕ್ಕೆ ಬಂದರೆ ಎಳನೀರು ಕಿತ್ತು ಬಿಸಾಡ್ತದೆ, ಬಾಳೆಗೊನೆ ಹಾಳು ಮಾಡ್ತದೆ, ಓಡಿಸೋಕೆ ಎಲ್ಲರೂ ಒದ್ದಾಡ್ತಾರೆ. ಅವರು ನೋಡಿ, ಮಂಗ ಹೊರಗೆ ಹೋಗದ ಹಾಗೆ ಬೇಲಿ ಹಾಕಿದರು!

ಆಮೇಲೆ 90ರ ದಶಕದಲ್ಲಿ ಮಂಗನ ಬದಲು ಗಿಳಿ ಬಂತು. ಮನುಷ್ಯ ಒಂದು ಸಲ ಮಾಡಿದ್ದನ್ನು ಹಾಗೇ ರೆಕಾರ್ಡ್ ಮಾಡಿಕೊಂಡು ಮತ್ತೆ ಮಾಡೋ ಸಾಧನಗಳು. ಮರ್ಕ್ಯುರಿ ಅನ್ನೋ ಕಂಪನಿಯ ವಿನ್‌ರನ್ನರ್ ಅದರಲ್ಲಿ ಹೆಸರು ಮಾಡಿತ್ತು. ಇಂಥ ಸಾಧನಗಳಲ್ಲಿ ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ಅಂತ ಜಾಗ ನೆನಪಿಟ್ಟುಕೊಂಡು ಕ್ಲಿಕ್ ಮಾಡಿಸಿದರೆ, ಗುಂಡಿ ನಾಲ್ಕು ಚುಕ್ಕಿ ಆಚೆ ಹೋದರೂ ಪರೀಕ್ಷೆ ಮುರಿದುಬೀಳ್ತಿತ್ತು. ಜೊತೆಗೆ ಓಡಿಸೋಕೆ ಒಂದು ನಿಜವಾದ ಯಂತ್ರ, ನಿಜವಾದ ಮಾನಿಟರು ಬೇಕು. ರಾತ್ರಿ ಕಸ ಗುಡಿಸೋರ ಕೈ ಮೌಸಿಗೆ ತಾಗಿದರೂ ಮುಗೀತು ಕಥೆ.

*

ಸುಳ್ಳು ಪರದೆ ಬಂದದ್ದೂ ಆ 90ರ ದಶಕದಲ್ಲೇ. ಎಕ್ಸ್‌ವಿಎಫ್‌ಬಿಯ ಕೈಪಿಡಿಯಲ್ಲಿ ಬರೆದವರು ಅಂತ ಡೇವಿಡ್ ವಿಗಿನ್ಸ್ ಅವರ ಹೆಸರಿದೆ. ಹೆಸರಿನಲ್ಲಿರೋ ವಿಎಫ್‌ಬಿ ಅಂದ್ರೆ ವರ್ಚುವಲ್ ಫ್ರೇಮ್‌ಬಫರ್. ಪರದೆಯ ಮೇಲಿನ ಪ್ರತಿ ಚುಕ್ಕಿಗೂ ಯಾವ ಬಣ್ಣ ಅಂತ ಬರೆದಿಡೋ ನೆನಪಿನ ಜಾಗಕ್ಕೆ ಫ್ರೇಮ್‌ಬಫರ್ ಅಂತಾರೆ. ಸಾಮಾನ್ಯವಾಗಿ ಅದು ಮಾನಿಟರಿಗೆ ಹೋಗ್ತದೆ. ಇಲ್ಲಿ ಎಲ್ಲಿಗೂ ಹೋಗೋದಿಲ್ಲ, ನೆನಪಿನಲ್ಲೇ ಉಳೀತದೆ.

ಕೈಪಿಡಿಯಲ್ಲೇ ಇನ್ನೊಂದು ಮಾತಿದೆ. ಇದನ್ನು ಮಾಡಿದ್ದು ನಮ್ಮಂಥವರಿಗಾಗಿ ಅಲ್ಲ! ಎಕ್ಸ್ ಸರ್ವರನ್ನೇ ಪರೀಕ್ಷೆ ಮಾಡೋದು ಮೂಲ ಉದ್ದೇಶ. ಎಂಟು ಬಿಟ್ಟಿನ ಬಣ್ಣ, ಇಪ್ಪತ್ತನಾಲ್ಕು ಬಿಟ್ಟಿನ ಬಣ್ಣ ಅಂತ ಬೇರೆ ಬೇರೆ ಯಂತ್ರಾಂಶ ಕೊಳ್ಳದೆ, ಸರ್ವರಿನ ಒಳಗಿನ ಕೋಡು ಸರಿಯಾಗಿದೆಯಾ ಅಂತ ನೋಡಿಕೊಳ್ಳೋಕೆ. ಉಳಿದ ಉಪಯೋಗಗಳೆಲ್ಲ ಜನ ಆಮೇಲೆ ಕಂಡುಕೊಂಡದ್ದು. ಭತ್ತ ಒಣಗಿಸೋಕೆ ಮಾಡಿದ ಅಂಗಳದಲ್ಲಿ ಅಡಿಕೆ ಒಣಗಿಸಿದ ಹಾಗೆ. ಈಗ ಅಂಗಳ ಅಂದ್ರೆ ಅಡಿಕೆಗೇ ಅಂತ ಆಗಿಬಿಟ್ಟಿದೆ.

ಲೆಕ್ಕ ಹಾಕಿದರೆ ಈ ಪರದೆ ಎಷ್ಟು ಅಗ್ಗ ಅಂತ ಗೊತ್ತಾಗ್ತದೆ. 1024 ಚುಕ್ಕಿ ಅಗಲ, 768 ಚುಕ್ಕಿ ಎತ್ತರ, ಒಂದೊಂದು ಚುಕ್ಕಿಗೆ ನಾಲ್ಕು ಬೈಟು. ಗುಣಿಸಿದರೆ 31,45,728 ಬೈಟು. ಸರಿಯಾಗಿ 3 ಎಂಬಿ. ಒಂದು ಹಾಡಿನ ಎಂಪಿ3 ಫೈಲಿನಷ್ಟು ಜಾಗದಲ್ಲಿ ಒಂದು ಇಡೀ ಮಾನಿಟರು! ಒಂದೇ ಸರ್ವರಿನಲ್ಲಿ ಹತ್ತಿಪ್ಪತ್ತು ಪರದೆ ಕಟ್ಟಬಹುದು. ಒಂದು ಇನ್ನೊಂದರ ಮೌಸಿಗೆ ಅಡ್ಡ ಬರಲ್ಲ.

ಕಟ್ಟೋದೂ ಸುಲಭ. ಎಕ್ಸ್‌ವಿಎಫ್‌ಬಿಯನ್ನು ಒಂದು ನಂಬರು ಕೊಟ್ಟು ಶುರು ಮಾಡಿ, ಡಿಸ್ಪ್ಲೇ ಅನ್ನೋ ವೇರಿಯೇಬಲ್ಲಿಗೆ ಅದೇ ನಂಬರು ಬರೆದು, ಬ್ರೌಸರ್ ತೆರೆದರಾಯ್ತು. ಎಲ್ಲರೂ 99 ಅನ್ನೋ ನಂಬರೇ ಹಾಕೋದನ್ನು ನೋಡಿರ್ತೀರಿ. ಇದನ್ನೆಲ್ಲ ಒಟ್ಟಿಗೆ ಮಾಡಿಕೊಡೋ ಎಕ್ಸ್‌ವಿಎಫ್‌ಬಿ-ರನ್ ಅನ್ನೋ ಸಣ್ಣ ಸ್ಕ್ರಿಪ್ಟು ಇದೆ, ಅದು ಏನೂ ಹೇಳದಿದ್ದರೆ 99ರಿಂದ ಹಿಡೀತದೆ. ನಿಜವಾದ ಪರದೆಗಳು ಸೊನ್ನೆ, ಒಂದು ಅಂತ ಕೆಳಗಿನಿಂದ ಶುರುವಾಗೋದರಿಂದ ಅಷ್ಟು ಮೇಲೆ ಯಾರೂ ಅಡ್ಡ ಬರಲ್ಲ.

ಹೊಸದಾಗಿ ಮಾಡೋರು ಎಡವೋ ಜಾಗಗಳೂ ಉಂಟು. ಆ ಸ್ಕ್ರಿಪ್ಟಿನ ಹಳೇ ಆವೃತ್ತಿಗಳಲ್ಲಿ ಪರದೆ ಬರೀ 640ಕ್ಕೆ 480, ಬಣ್ಣ ಎಂಟು ಬಿಟ್ಟು, ಅಂದ್ರೆ 256 ಬಣ್ಣ ಅಷ್ಟೆ. ಗುಂಡಿ ಪರದೆಯಿಂದ ಹೊರಗೆ ಬಿದ್ದು ಕ್ಲಿಕ್ ಆಗ್ತಿರಲಿಲ್ಲ. ಹಿಂದಿನ ಸಲ ಓಡಿದ್ದು ಸರಿಯಾಗಿ ಮುಗಿಯದೆ ಸತ್ತಿದ್ದರೆ ಕೆಲವೊಮ್ಮೆ ಬೀಗದ ಫೈಲು ಉಳಿದುಕೊಂಡು "ಈ ನಂಬರಿನಲ್ಲಿ ಆಗಲೇ ಒಬ್ಬರಿದ್ದಾರೆ" ಅಂತ ಹಠ ಹಿಡೀತದೆ. ಇನ್ನೊಂದು, ಖಾಲಿ ಪರದೆಯಲ್ಲಿ ವಿಂಡೋ ಮ್ಯಾನೇಜರ್ ಇರಲ್ಲ. ಕಿಟಕಿಯನ್ನು ದೊಡ್ಡದು ಮಾಡು ಅಂದ್ರೆ ಮಾಡೋರೇ ಇಲ್ಲ. ಓಪನ್‌ಬಾಕ್ಸ್, ಫ್ಲಕ್ಸ್‌ಬಾಕ್ಸ್‌ನಂಥ ಹಗುರವಾದದ್ದು ಒಂದನ್ನು ಜೊತೆಗೆ ಓಡಿಸಬೇಕು.

*

ಈಗ ಬೆಂಗಳೂರಿಗೆ ಬರೋಣ. ಈ ಇತಿಹಾಸದಲ್ಲಿ ನಮ್ಮ ನೆಲದ ಒಂದು ಅಧ್ಯಾಯ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ.

ಲಿನಕ್ಸಿನಲ್ಲಿ ಎವಲ್ಯೂಷನ್ ಅಂತ ಒಂದು ಮೇಲ್ ಪ್ರೋಗ್ರಾಮು ಇದೆ. ಅದನ್ನು ಮಾಡಿದ ಜಿಮಿಯನ್ ಕಂಪನಿಯನ್ನು ನೊವೆಲ್ 2003ರಲ್ಲಿ ಕೊಂಡಿತು. ಆಮೇಲೆ ಎವಲ್ಯೂಷನ್ನಿನ ಕೆಲಸ ಹೆಚ್ಚಾಗಿ ನೊವೆಲ್‌ನ ಬೆಂಗಳೂರು ಕಚೇರಿಯಲ್ಲಿ ನಡೀತಿತ್ತು. ಅಷ್ಟು ದೊಡ್ಡ ಪ್ರೋಗ್ರಾಮಿನ ಪ್ರತಿ ಗುಂಡಿಯನ್ನೂ ಪ್ರತಿ ಬಿಡುಗಡೆಗೂ ಕೈಯಿಂದ ಒತ್ತಿ ನೋಡೋದು ಸಾಧ್ಯವಾ? ಅಲ್ಲಿದ್ದ ನಾಗಪ್ಪನ್ ಅಳಗಪ್ಪನ್ ಮತ್ತು ಗೆಳೆಯರು 2005ರ ಸುಮಾರಿಗೆ ಒಂದು ಮುಕ್ತ ತಂತ್ರಾಂಶ ಶುರು ಮಾಡಿದರು. ಲಿನಕ್ಸ್ ಡೆಸ್ಕ್‌ಟಾಪ್ ಟೆಸ್ಟಿಂಗ್ ಪ್ರಾಜೆಕ್ಟ್, ಚುಟುಕಾಗಿ ಎಲ್‌ಡಿಟಿಪಿ.

ಅದು ಚುಕ್ಕಿ ಲೆಕ್ಕ ಹಾಕಿ ಕ್ಲಿಕ್ ಮಾಡೋದಲ್ಲ. ಅದು ಹಿಡಿದ ದಾರಿ ಬೇರೆ. 2002ರಲ್ಲಿ ಗ್ನೋಮ್ 2.0 ಬಂತು. ಕಣ್ಣು ಕಾಣದವರೂ ಇದನ್ನು ಬಳಸೋ ಹಾಗಾಗಬೇಕು ಅಂತ ಸನ್ ಕಂಪನಿಯವರು ಅದರಲ್ಲಿ ಒಂದು ಪದರ ಕಟ್ಟಿದ್ದರು. ಪರದೆಯ ಮೇಲಿರೋ ಪ್ರತಿಯೊಂದೂ ಕೇಳಿದವರಿಗೆ ತನ್ನ ಪರಿಚಯ ಹೇಳಬೇಕು. "ನಾನು ಗುಂಡಿ, ನನ್ನ ಹೆಸರು ಕಳಿಸು, ಈಗ ನನ್ನನ್ನು ಒತ್ತಬಹುದು." ಅದನ್ನು ಕೇಳಿಸಿಕೊಂಡು ಆರ್ಕಾದಂಥ ಪ್ರೋಗ್ರಾಮುಗಳು ಗಟ್ಟಿಯಾಗಿ ಓದಿ ಹೇಳ್ತವೆ. ಬೆಂಗಳೂರಿನ ಈ ಹುಡುಗರು ಅದೇ ಪದರವನ್ನು ಪರೀಕ್ಷೆಗೆ ಹಿಡಿದರು. ಯಂತ್ರಕ್ಕೂ ಕಣ್ಣಿಲ್ಲವಲ್ಲ! ರೆಡ್ ಹ್ಯಾಟ್‌ನವರ ಡಾಗ್‌ಟೇಲ್ ಅನ್ನೋದೂ ಆಗಲೇ ಇದೇ ದಾರಿಯಲ್ಲಿ ಬಂತು.

ಇದರಿಂದ ಇನ್ನೊಂದು ಲಾಭ. ಪರೀಕ್ಷೆ ಬರೆಯೋಕೆ ಹೋದಾಗ ಹೆಸರೇ ಇಲ್ಲದ ಗುಂಡಿಗಳು ಸಿಗ್ತವೆ. ಅದನ್ನು ಸರಿ ಮಾಡಿದರೆ ಪರೀಕ್ಷೆಗೂ ಆಯ್ತು, ಕಣ್ಣು ಕಾಣದವರಿಗೂ ಆಯ್ತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಆಮೇಲೆ ನಾಗಪ್ಪನ್ ಅವರು ವಿಎಂವೇರ್‌ಗೆ ಹೋದರು, ಅದೇ ವಿಚಾರ ವಿಂಡೋಸ್ ಮತ್ತು ಮ್ಯಾಕ್‌ಗೂ ಹೋಯ್ತು.

ವೆಬ್ಬಿನಲ್ಲಿ ಅದೇ ಕಾಲಕ್ಕೆ ಸೆಲೆನಿಯಂ ಬಂತು. 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗಿನ್ಸ್ ಶುರು ಮಾಡಿದ್ದು. ಹೆಸರು ಒಂದು ಕೀಟಲೆ: ಪಾದರಸದ, ಅಂದ್ರೆ ಮರ್ಕ್ಯುರಿಯ ವಿಷಕ್ಕೆ ಸೆಲೆನಿಯಂ ಮದ್ದು ಅಂತ! ಮೇಲೆ ಹೇಳಿದ ಮರ್ಕ್ಯುರಿ ಕಂಪನಿಯನ್ನು 2006ರಲ್ಲಿ ಎಚ್‌ಪಿ ಕೊಂಡಿತು. ಬೆಂಗಳೂರಿನಿಂದಲೇ ನಾರಾಯಣ್ ರಾಮನ್ ಅವರ ಸಾಹಿ ಅನ್ನೋ ಸಾಧನವೂ ಬಂತು. ರಾತ್ರಿ ಹೊತ್ತು ತಾನೇ ಕೆಲಸ ಶುರು ಮಾಡೋಕೆ ಕೊಹ್ಸುಕೆ ಕವಾಗುಚಿಯವರ ಹಡ್ಸನ್ ಇತ್ತು, 2011ರಲ್ಲಿ ಅದರ ಹೆಸರು ಜೆಂಕಿನ್ಸ್ ಆಯ್ತು. ಸೆಲೆನಿಯಂ, ಜೆಂಕಿನ್ಸ್, ಎಕ್ಸ್‌ವಿಎಫ್‌ಬಿ. ನನ್ನ ತಲೆಮಾರಿನ ಟೆಸ್ಟರುಗಳಿಗೆ ಈ ಮೂರು ಒಲೆಯ ಮೂರು ಕಲ್ಲುಗಳಿದ್ದ ಹಾಗೆ. 2014ರಲ್ಲಿ ಸೆಲೆನಿಯಂ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು ಅಂದ್ರೆ ಇಲ್ಲಿ ಎಷ್ಟು ಜನ ಈ ಕೆಲಸ ಮಾಡ್ತಾರೆ ಅಂತ ನೀವೇ ಲೆಕ್ಕ ಹಾಕಿ.

*

ಆಮೇಲೆ ತಾಳಮದ್ದಳೆ ಬಂತು!

ನಮ್ಮ ಕಡೆಯವರಿಗೆ ವಿವರಿಸೋದು ಬೇಡ, ಬೇರೆಯವರಿಗಾಗಿ ಹೇಳ್ತೇನೆ. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಲ್ತದೆ. ಮಳೆಗಾಲದಲ್ಲಿ ಬಯಲಾಟ ಆಗಲ್ಲ. ಆಗ ತಾಳಮದ್ದಳೆ. ಅದೇ ಪ್ರಸಂಗ, ಅದೇ ಭಾಗವತರು, ಅದೇ ಚೆಂಡೆ ಮದ್ದಳೆ. ಆದ್ರೆ ಬಣ್ಣ ಇಲ್ಲ, ಕಿರೀಟ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತು ಅರ್ಥ ಹೇಳೋದು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಕಿರೀಟ ಹುಡುಕಲಿಲ್ಲ.

ಎಕ್ಸ್‌ವಿಎಫ್‌ಬಿ ಅಂದ್ರೆ ಪೂರ್ತಿ ವೇಷ ಕಟ್ಟಿ, ರಂಗಸ್ಥಳದಲ್ಲಿ ಬೆಳಗಿನವರೆಗೆ ಕುಣಿದು, ಎದುರಿಗೆ ಒಬ್ಬನೂ ಪ್ರೇಕ್ಷಕ ಇಲ್ಲದ ಬಯಲಾಟ. ಇಷ್ಟೆಲ್ಲ ಯಾಕೆ, ವೇಷವೇ ಬೇಡ ಅಂತ ಕೆಲವರಿಗೆ ಅನ್ನಿಸಿತು. 2011ರಲ್ಲಿ ಅರಿಯಾ ಹಿದಾಯತ್ ಅವರ ಫ್ಯಾಂಟಮ್‌ಜೆಎಸ್ ಬಂತು. ಪರದೆಯನ್ನೇ ಕೇಳದ ಬ್ರೌಸರು. 2017ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಹೆಡ್‌ಲೆಸ್, ಅಂದ್ರೆ ತಲೆ ಇಲ್ಲದ ರೂಪ ಕೊಟ್ಟವು. 2018ರಲ್ಲಿ ಫ್ಯಾಂಟಮ್ ಕೆಲಸ ನಿಂತಿತು. ಕ್ರೋಮಿನ ಮೊದಲ ಹೆಡ್‌ಲೆಸ್ ರೂಪ ಒಳಗಿನಿಂದ ಬೇರೆಯೇ ಆಗಿತ್ತು, ಅಲ್ಲಿ ಪಾಸಾದದ್ದು ನಿಜವಾದ ಕ್ರೋಮಿನಲ್ಲಿ ಕೈಕೊಡಬಹುದಿತ್ತು. 2023ರಲ್ಲಿ ಅದನ್ನು ಬದಲಿಸಿ, ಪೂರ್ತಿ ಕ್ರೋಮನ್ನೇ ಪರದೆ ಇಲ್ಲದೆ ಓಡಿಸೋ ಹಾಗೆ ಮಾಡಿದರು.

ಕೆಳಗಿನ ನೆಲವೂ ಬದಲಾಗ್ತಿದೆ. 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಶುರು ಮಾಡಿದ ವೇಲ್ಯಾಂಡ್ ಈಗ ಎಕ್ಸ್‌ನ ಜಾಗಕ್ಕೆ ಬಂದಿದೆ. 2025ರಲ್ಲಿ ಬಂದ ರೆಡ್ ಹ್ಯಾಟ್‌ನ ಹತ್ತನೇ ಆವೃತ್ತಿ ಹಳೇ ಎಕ್ಸ್ ಸರ್ವರನ್ನೇ ಬಿಟ್ಟಿದೆ. ಪರದೆ ಕಟ್ಟೋ ರೀತಿ ಬದಲಾಗಬಹುದು, ಯಾರೂ ನೋಡದ ಪರದೆ ಅನ್ನೋದು ಮಾತ್ರ ಹಾಗೇ ಉಳೀತದೆ.

*

ಇಷ್ಟು ಹೊತ್ತು ತಾಳ್ಮೆಯಿಂದ ಓದಿದ್ದೀರಿ. ಈಗ ದೊಡ್ಡಪ್ಪನ ಚೌಕಗಳಿಗೆ ಬರ್ತೇನೆ.

ನಾನು ಕಟ್ಟಿದ ಯಂತ್ರ ಹಗುರವಾಗಿರಲಿ ಅಂತ ಬೇಡದ್ದನ್ನೆಲ್ಲ ತೆಗೆದಿದ್ದೆ. ಮಾನಿಟರ್ ಇಲ್ಲದ ಸರ್ವರಿಗೆ ಫಾಂಟು ಯಾಕೆ ಅಂತ ಅದನ್ನೂ ಹಾಕಿರಲಿಲ್ಲ. ಇಂಗ್ಲಿಷಿನದ್ದು ಒಂದು ಹೇಗೋ ಬಂದಿತ್ತು. ಕನ್ನಡದ್ದು ಇರಲಿಲ್ಲ. ಫಾಂಟು ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಚೌಕ ಬರ್ತದೆ. ಅದಕ್ಕೆ ತೋಫು ಅಂತ ಅಡ್ಡಹೆಸರು. ಗೂಗಲ್‌ನವರ ನೋಟೋ ಫಾಂಟುಗಳ ಹೆಸರೇ "ತೋಫು ಬೇಡ" ಅನ್ನೋದರಿಂದ ಬಂದದ್ದು. ರಸೀದಿಯ ಪಿಡಿಎಫ್ ತಯಾರಾಗ್ತಿದ್ದದ್ದೂ ಇದೇ ಅಚ್ಚಿನ ಸರ್ವರಿನಲ್ಲಿ. ಹಾಗಾಗಿ ಚೌಕಗಳು ಸೀದಾ ಪ್ರಿಂಟರಿಗೆ ಹೋದವು. ನನ್ನ ಲ್ಯಾಪ್‌ಟಾಪಿನಲ್ಲಿ ಫಾಂಟು ಇತ್ತು, ಅಲ್ಲಿ ಎಲ್ಲ ಚಂದ ಕಾಣ್ತಿತ್ತು.

ಮತ್ತೆ ಪರೀಕ್ಷೆ ಪಾಸಾದದ್ದು ಹೇಗೆ? ನನ್ನ ಸ್ಕ್ರಿಪ್ಟು ಪುಟವನ್ನು ಕೇಳಿತು, "ಈ ಸಾಲಿನಲ್ಲಿ ಏನು ಬರೆದಿದೆ?" ಪುಟ ಹೇಳಿತು, "ಕರಿಗೋಟು." ಸ್ಕ್ರಿಪ್ಟು ಹೇಳಿತು, "ಸರಿ, ಹಸಿರು." ಇಬ್ಬರೂ ಸುಳ್ಳು ಹೇಳಲಿಲ್ಲ. ಪುಟದ ಒಳಗೆ ಯುನಿಕೋಡ್ ಸಂಖ್ಯೆಗಳು ಸರಿಯಾಗೇ ಇದ್ದವು. ಅವು ಅಕ್ಷರವಾಗಿ ಕಂಡವಾ ಅಂತ ಯಾರೂ ಕೇಳಲಿಲ್ಲ. ಅರ್ಥಧಾರಿಯ ಮಾತು ಸರಿಯಾಗಿತ್ತು, ವೇಷದ ಬಣ್ಣ ಕಲಸಿಹೋಗಿತ್ತು. ತಾಳಮದ್ದಳೆ ಕೇಳಿ ಬಯಲಾಟಕ್ಕೆ ಪ್ರಮಾಣಪತ್ರ ಕೊಟ್ಟವನು ನಾನು.

ಇನ್ನೂ ನಾಚಿಕೆಯ ಸಂಗತಿ ಇದೆ. ಚಿತ್ರದ ಪರೀಕ್ಷೆಯೂ ಇತ್ತು! ಸುಳ್ಳು ಪರದೆಯ ಫೋಟೋ ತೆಗೆದು ಮಾದರಿ ಫೋಟೋ ಜೊತೆ ಹೋಲಿಸೋದು. ಆದ್ರೆ ಆ ಮಾದರಿಯನ್ನು ತೆಗೆದದ್ದೂ ಅದೇ ಫಾಂಟಿಲ್ಲದ ಯಂತ್ರದಲ್ಲಿ. ಚೌಕಕ್ಕೆ ಚೌಕ ಸರಿಹೊಂದಿತು, ಹಸಿರು. ಮೊದಲ ಸಲ ಮಾದರಿಗೆ ಒಪ್ಪಿಗೆ ಕೊಟ್ಟವನೂ ನಾನೇ. ನಲವತ್ತು ಚಿತ್ರಗಳು ಬೆರಳುಗುರಿನಷ್ಟು ಸಣ್ಣದಾಗಿ ಸಾಲಾಗಿ ಕಂಡವು, ಒಂದೊಂದನ್ನೇ ದೊಡ್ಡದು ಮಾಡಿ ನೋಡೋಕೆ ಸೋಮಾರಿತನ. ಎಲ್ಲಕ್ಕೂ ಒಟ್ಟಿಗೆ ಸರಿ ಅಂದುಬಿಟ್ಟೆ.

ನಮ್ಮಂಥ ಬ್ಲಾಗಿಗರಿಗೆ ಚೌಕಗಳು ಹೊಸದಲ್ಲ. ಬರಹ, ನುಡಿಯಿಂದ ಯುನಿಕೋಡಿಗೆ ಬಂದ ಕಾಲ ನೆನಪಿದೆಯಾ? ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಇದ್ದರೂ ಒತ್ತಕ್ಷರ ಸರಿ ಬರ್ತಿರಲಿಲ್ಲ, "ನಿಮ್ಮ ಪುಟ ಚೌಕ ಚೌಕ ಕಾಣ್ತದೆ" ಅಂತ ಗೆಳೆಯರು ಹೇಳ್ತಿದ್ದರು. ಲಿನಕ್ಸಿನವರಿಗೆ ಕೇದಗೆ, ಮಲ್ಲಿಗೆ ಫಾಂಟು, ಆಮೇಲೆ ಲೋಹಿತ್. ನಂತರ ಗುಬ್ಬಿ, ನವಿಲು. ಯಾರೋ ಪುಣ್ಯಾತ್ಮರು ಕೂತು ಮಾಡಿ ಮುಕ್ತವಾಗಿ ಕೊಟ್ಟದ್ದು. ಅದೆಲ್ಲ ಮುಗಿದ ಕಥೆ ಅಂತ ನಾನು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ನಮ್ಮ ಕಣ್ಣಮುಂದಿನ ಮಾನಿಟರಿನಲ್ಲಿ ಮುಗಿದಿತ್ತು, ಯಾರೂ ನೋಡದ ಪರದೆಯಲ್ಲಿ ಹಾಗೇ ಕೂತಿತ್ತು.

ಊರಿಂದ ಬಂದ ದಿನವೇ ಸರಿ ಮಾಡಿದೆ. ಕೆಲಸ ಹತ್ತು ನಿಮಿಷದ್ದು. ಲೋಹಿತ್ ಕನ್ನಡ ಮತ್ತು ನೋಟೋ ಕನ್ನಡ ಹಾಕಿದೆ. ಪರೀಕ್ಷೆ ಶುರುವಾಗೋ ಮೊದಲೇ ಯಂತ್ರದಲ್ಲಿ ಕನ್ನಡ ಫಾಂಟು ಇದೆಯಾ ಅಂತ ಫಾಂಟುಗಳ ಪಟ್ಟಿ ಕೇಳಿ, ಇಲ್ಲದಿದ್ದರೆ ಅಲ್ಲೇ ಕೆಂಪು ತೋರಿಸಿ ನಿಲ್ಲೋ ಹಾಗೆ ಮಾಡಿದೆ. ಹಳೇ ಮಾದರಿಗಳನ್ನೆಲ್ಲ ಅಳಿಸಿದೆ. ಕಷ್ಟದ ಅಕ್ಷರಗಳನ್ನು ಹುಡುಕಿ ಒಂದು ಪರೀಕ್ಷಾ ಸಾಲು ಸೇರಿಸಿದೆ: ಲಕ್ಷ್ಮೀಶ, ಸ್ವಾತಂತ್ರ್ಯ, ಅರ್ಘ್ಯ, ರ‍್ಯಾಂಕ್. ಕೊನೆಯ ಪದದಲ್ಲಿ ಅರ್ಕಾವತ್ತು ಬರದೆ ರ ಪೂರ್ತಿಯಾಗಿ ನಿಂತು ಕೆಳಗೆ ಯ ಒತ್ತು ಬರಬೇಕು. ಅದಕ್ಕೆ ಮಧ್ಯೆ ಒಂದು ಕಾಣದ ಜೋಡಕ ಅಕ್ಷರ ಇರ್ತದೆ. ಎಲ್ಲೋ ಯಾರೋ ಅದನ್ನು ನುಂಗಿದರೆ ಇಲ್ಲಿ ಗೊತ್ತಾಗ್ತದೆ.

ಆಮೇಲೆ ಕೂತು ನಲವತ್ತು ಚಿತ್ರಗಳನ್ನೂ ಒಂದೊಂದಾಗಿ ದೊಡ್ಡದು ಮಾಡಿ ಓದಿದೆ. ನೋಡಿದ್ದಲ್ಲ, ಓದಿದ್ದು. ಒಂದೂವರೆ ಗಂಟೆ ಹಿಡೀತು.

ಈ ಇತಿಹಾಸದಿಂದ ನಾನು ಕಲಿತದ್ದು ಇಷ್ಟೇ. ಯಂತ್ರ ಎರಡನೇ ಸಲದಿಂದ ಸಾವಿರ ಸಲ ನೋಡಬಹುದು. ಮೊದಲನೇ ಸಲ ಮಾತ್ರ ಆ ಭಾಷೆ ಓದಲು ಬರುವ ಒಬ್ಬರು ಕಣ್ಣು ಬಿಟ್ಟು ನೋಡಬೇಕು. ಇಂಗ್ಲಿಷಿನಲ್ಲಾದರೆ ಆ ಒಬ್ಬರು ದಾರಿಯಲ್ಲಿ ಎಲ್ಲಾದರೂ ಸಿಕ್ಕೇ ಸಿಗ್ತಾರೆ. ಕನ್ನಡಕ್ಕೆ ನಾವೇ ಹೋಗಿ ನಿಲ್ಲಬೇಕು. ನಿಮ್ಮಲ್ಲೂ ತುಂಬಾ ಜನ ಇದೇ ಕೆಲಸದಲ್ಲಿದ್ದೀರಿ ಅಂತ ಗೊತ್ತು. ನಾಳೆ ಆಫೀಸಿಗೆ ಹೋದಾಗ ನಿಮ್ಮ ಪರೀಕ್ಷೆಯ ಯಂತ್ರದಲ್ಲಿ ಕನ್ನಡ ಫಾಂಟು ಇದೆಯಾ ಅಂತ ಒಮ್ಮೆ ನೋಡಿ. ಐದು ನಿಮಿಷದ ಕೆಲಸ.

ದೊಡ್ಡಪ್ಪನಿಗೆ ಹೊಸ ರಸೀದಿ ಸಿಕ್ಕಿತು. ಫೋನು ಮಾಡಿದರು.

"ಈಗ ಓದ್ಲಿಕ್ಕೆ ಆಗ್ತದೆ. ಆದ್ರೆ ಪಟೋರ ಸ್ವಲ್ಪ ಜಾಸ್ತಿ ಹಾಕಿದ ಹಾಗೆ ಕಾಣ್ತದೆ ನಂಗೆ. ನಾಳೆ ಹೋಗಿ ಕೇಳಿ ಬರ್ತೇನೆ."

ಹೋಗಿ ಕೇಳಿ ಬಂದರು. ಲೆಕ್ಕ ಸರಿಯೇ ಇತ್ತಂತೆ, ಮಳೆಗೆ ಒಂದು ಗೋಣಿ ತಂಪು ಹಿಡಿದಿತ್ತಂತೆ. ಇರಲಿ. ಕೇಳೋಕಾದರೂ ಆಯ್ತಲ್ಲ.